ಮಾತ್ರೆ ಮುರಿದು ಅರ್ಧರ್ಧ ಕೊಟ್ಟೆ, ಒಟ್ಟು ಲೆಕ್ಕ ಒಂದೇ ಅಲ್ವಾ?

ಪ್ರಶ್ನೆ: ನಮ್ಮ ಅತ್ತೆಗೆ 63 ವರ್ಷ. ಎರಡು ತಿಂಗಳ ಹಿಂದೆ ಉರಿಮೂತ್ರ ಆಗಿತ್ತು. ಡಾಕ್ಟರು ಸೆಫಿಕ್ಸಿಮ್ ಅನ್ನುವ ಆಂಟಿಬಯಾಟಿಕ್, 200 ಎಂಜಿ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ. ಎರಡು ದಿನ ಸರಿಯಾಗಿ ಕೊಟ್ಟೆ. ಅಷ್ಟರಲ್ಲಿ ಅವರಿಗೆ ಹೊಟ್ಟೆ ಕೆಟ್ಟು ಸುಸ್ತಾಯಿತು. ಪವರ್ ಜಾಸ್ತಿ ಆಯಿತೇನೋ ಅಂದುಕೊಂಡು ಮೂರನೇ ದಿನದಿಂದ ನಾನೇ ಮಾತ್ರೆ ಮುರಿದು ಅರ್ಧರ್ಧ ಕೊಟ್ಟೆ. ಉಳಿದ ಹತ್ತು ಮಾತ್ರೆ ಹೀಗೆ ಹತ್ತು ದಿನ ಬಂತು. ಒಂದೂ ಬಿಡಲಿಲ್ಲ. ಉರಿಯೂ ಹೋಯಿತು. ಮೂರು ವಾರ ಕಳೆದ ಮೇಲೆ ಮತ್ತೆ ಅದೇ ತೊಂದರೆ. ಈಗ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಅಂತ ಬಂದಿದೆ. ಸೆಫಿಕ್ಸಿಮ್ ಮುಂದೆ ‘ಆರ್’, ಅಂದರೆ ಆ ಔಷಧ ಕೆಲಸ ಮಾಡುವುದಿಲ್ಲ ಅಂತೆ. ಇನ್ನೂ ಮೂರ್ನಾಲ್ಕು ಔಷಧದ ಮುಂದೆಯೂ ‘ಆರ್’. ಒಟ್ಟು 14 ಮಾತ್ರೆ ಹೊಟ್ಟೆಗೆ ಹೋಗಿದೆಯಲ್ಲ, ಲೆಕ್ಕ ಒಂದೇ ಅಲ್ವಾ? ಅತ್ತೆಯ ಮೈ ಔಷಧಕ್ಕೆ ಒಗ್ಗಿಹೋಗಿದೆಯಾ, ಅಥವಾ ಇದೆಲ್ಲ ನನ್ನಿಂದಲೇ ಆಗಿದ್ದಾ? ಕೋರ್ಸ್ ಪೂರ್ತಿ ಮುಗಿಸಬೇಕು ಅಂತ ಕೆಲವರು, ಬೇಗ ನಿಲ್ಲಿಸಿದರೇ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಯಾವುದು ನಿಜ? ಐದು ವರ್ಷದ ಮಗನಿಗೆ ಶೀತವಾದಾಗಲೂ ಹಳೇ ಆಂಟಿಬಯಾಟಿಕ್ ಸಿರಪ್ ಅರ್ಧ ಚಮಚ ಕೊಡುತ್ತಿದ್ದೆ. ಈಗ ಭಯವಾಗುತ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಲೆಕ್ಕದ ಪ್ರಶ್ನೆ. ಸೋಂಕು ರೋಗಗಳ ವೈದ್ಯನಾಗಿ ‘ಕೋರ್ಸ್ ಅರ್ಧಕ್ಕೆ ಬಿಟ್ಟೆವು’ ಅನ್ನುವವರನ್ನು ದಿನವೂ ನೋಡುತ್ತೇನೆ. ‘ಒಂದೂ ಬಿಡಲಿಲ್ಲ, ಆದರೆ ಅರ್ಧರ್ಧ ಕೊಟ್ಟೆವು’ ಅನ್ನುವವರೂ ಕಡಿಮೆಯೇನಿಲ್ಲ. ಕೇಳಿದರೆ ಮಾತ್ರ ಹೇಳುತ್ತಾರೆ, ಅಷ್ಟೇ. ಏಕೆಂದರೆ ಅವರ ಲೆಕ್ಕದಲ್ಲಿ ಅವರು ತಪ್ಪೇ ಮಾಡಿಲ್ಲ. ನೀವಾಗಿ ಬರೆದು ಕೇಳಿದ್ದೀರಿ. ಒಳ್ಳೆಯದಾಯಿತು.

ಮೊದಲು ಒಗ್ಗುವ ಮಾತು. ಅತ್ತೆಯ ಮೈ ಔಷಧಕ್ಕೆ ಒಗ್ಗಿಲ್ಲ. ಆಂಟಿಬಯಾಟಿಕ್ ವಿಷಯದಲ್ಲಿ ಒಗ್ಗಿಕೊಳ್ಳುವುದು ಮನುಷ್ಯರಲ್ಲ, ಬ್ಯಾಕ್ಟೀರಿಯಾ. ‘ನನಗೆ ಆ ಮಾತ್ರೆ ಹಿಡಿಯೋದಿಲ್ಲ’ ಅಂತ ಎಷ್ಟೋ ಜನ ಹೇಳುತ್ತಾರೆ. ಹಿಡಿಯದೇ ಇರುವುದು ಅವರೊಳಗೆ ಸೇರಿಕೊಂಡ ರೋಗಾಣುವಿಗೆ. ಮಾತಿನಲ್ಲಿ ಇದು ಸಣ್ಣ ವ್ಯತ್ಯಾಸ, ಮನೆಯಲ್ಲಿ ದೊಡ್ಡದು. ಮೈ ಒಗ್ಗಿದ್ದರೆ ತೊಂದರೆ ಅವರೊಬ್ಬರಿಗೇ ಇರುತ್ತಿತ್ತು. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಹಾಗಲ್ಲ. ಜೀವನದಲ್ಲಿ ಒಂದು ಮಾತ್ರೆಯನ್ನೂ ನುಂಗದವರಿಗೂ ದಾಟಬಲ್ಲದು.

ಈಗ ನಿಮ್ಮ 14 ಮಾತ್ರೆಗೆ ಬರೋಣ.

ಲ್ಯಾಬ್‌ನಲ್ಲಿ ಒಂದು ಹಳೇ ಪರೀಕ್ಷೆ ಇದೆ. ಸಾಲಾಗಿ ಗಾಜಿನ ಕೊಳವೆಗಳನ್ನು ನಿಲ್ಲಿಸುತ್ತಾರೆ. ಎಲ್ಲದರಲ್ಲೂ ಬ್ಯಾಕ್ಟೀರಿಯಾ ಬೆಳೆಯುವ ದ್ರವ, ಎಲ್ಲದಕ್ಕೂ ಒಂದೇ ಅಳತೆಯ ಬ್ಯಾಕ್ಟೀರಿಯಾ. ಔಷಧ ಮಾತ್ರ ಮೊದಲನೆಯದರಲ್ಲಿ ಒಂದು ಪಾಲು, ಮುಂದಿನದರಲ್ಲಿ ಎರಡು, ಆಮೇಲೆ ನಾಲ್ಕು, ಎಂಟು, ಹೀಗೆ. ರಾತ್ರಿ ಇಟ್ಟು ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ ಮೊದಲಿನ ಕೆಲವು ಕೊಳವೆ ಮಬ್ಬಾಗಿರುತ್ತವೆ. ಒಂದು ಕಡೆಯಿಂದ ಆಚೆಗೆ ಎಲ್ಲವೂ ತಿಳಿ. ಎಂಟು ಪಾಲಿನ ಕೊಳವೆ ಮೊದಲು ತಿಳಿಯಾಗಿದ್ದರೆ ಆ ಬ್ಯಾಕ್ಟೀರಿಯಾಕ್ಕೆ ಎಂಟೇ ಗೆರೆ. ಎಂಐಸಿ ಅಂತ ನಾವು ಕರೆಯುವುದು ಇದನ್ನೇ. ನಾಲ್ಕು ಪಾಲಿನ ಕೊಳವೆಯನ್ನು ಎರಡು ದಿನ ಇಟ್ಟ ಮಾತ್ರಕ್ಕೆ ಅದು ಎಂಟರ ಕೆಲಸ ಮಾಡುವುದಿಲ್ಲ. ಮಬ್ಬು ಮಬ್ಬಾಗಿಯೇ ಇರುತ್ತದೆ.

ಮೈಯಲ್ಲೂ ಇಂಥದ್ದೊಂದು ಗೆರೆ ಇದೆ. ಮಾತ್ರೆ ನುಂಗಿದ ಮೇಲೆ ಔಷಧದ ಮಟ್ಟ ಏರುತ್ತದೆ, ಗೆರೆ ದಾಟುತ್ತದೆ, ನಿಧಾನವಾಗಿ ಇಳಿಯುತ್ತದೆ. ಸೆಫಿಕ್ಸಿಮ್ ಗುಂಪಿನ ಔಷಧಗಳು ದಿನದಲ್ಲಿ ಎಷ್ಟು ಗಂಟೆ ಗೆರೆಯ ಮೇಲಿದ್ದವು ಅನ್ನುವುದರ ಮೇಲೆ ಕೆಲಸ ಮಾಡುತ್ತವೆ. ಸೆಫಿಕ್ಸಿಮ್ ರಕ್ತದಲ್ಲಿ ಮೂರ್ನಾಲ್ಕು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅರ್ಧ ಮಾತ್ರೆ ಕೊಟ್ಟರೆ ಆ ಮೂರ್ನಾಲ್ಕು ಗಂಟೆ ಮೊದಲೇ ಕಳೆದುಹೋದಂತೆ. ಎರಡು ಹೊತ್ತಿಗೂ ಸೇರಿ ದಿನಕ್ಕೆ ಆರರಿಂದ ಎಂಟು ಗಂಟೆ ಖೋತಾ. ರೋಗಾಣು ಸ್ವಲ್ಪ ಗಟ್ಟಿಯಾಗಿದ್ದು ಅದರ ಗೆರೆ ಎತ್ತರದಲ್ಲಿದ್ದರಂತೂ ಅರ್ಧ ಮಾತ್ರೆ ಅದನ್ನು ಮುಟ್ಟದೆಯೂ ಇರಬಹುದು. ಮೂತ್ರದಲ್ಲಿ ಮಟ್ಟ ಬೇರೆ, ರಕ್ತದಲ್ಲಿ ಬೇರೆ, ಕರುಳಿನಲ್ಲಿ ಇನ್ನೂ ಬೇರೆ. ಸಂಗತಿ ಮಾತ್ರ ಇದೇ.

ಹಾಗಾದರೆ ಉರಿ ಹೋಯಿತಲ್ಲ ಅನ್ನುತ್ತೀರಿ. ಹೋಗುತ್ತದೆ. ಮೊದಲ ಎರಡು ದಿನ ಪೂರ್ತಿ ಡೋಸ್ ಬಿದ್ದಿದೆ. ಮೆತ್ತಗಿದ್ದ ಬ್ಯಾಕ್ಟೀರಿಯಾ ಸತ್ತಿವೆ. ಸಂಖ್ಯೆ ಇಳಿದರೆ ಉರಿಯೂ ಇಳಿಯುತ್ತದೆ. ಉಳಿದವು ಯಾರು ಅನ್ನುವುದು ಮುಖ್ಯ.

ಔಷಧ ಕಂಡ ಮೇಲೆ ಬ್ಯಾಕ್ಟೀರಿಯಾ ಬುದ್ಧಿ ಕಲಿತು ಬದಲಾಗುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಅವರು ಬಳಸಿದ್ದು ಔಷಧವಲ್ಲ, ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವ ವೈರಸ್. ವೈರಸ್ಸಿಗೆ ಬಗ್ಗದ ಬ್ಯಾಕ್ಟೀರಿಯಾ ಅದನ್ನು ಕಾಣುವ ಮೊದಲೇ ಅಲ್ಲೊಂದು ಇಲ್ಲೊಂದು ಹುಟ್ಟಿಕೊಂಡಿದ್ದವು. ಔಷಧದ ಕತೆಯೂ ಅದೇ ಅಂತ ಆಮೇಲೆ ಗೊತ್ತಾಯಿತು. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಔಷಧಕ್ಕೆ ಬಗ್ಗದಂತೆ ತಪ್ಪಿ ಹುಟ್ಟಿದ ಕೆಲವು ಮೊದಲೇ ಇರುತ್ತವೆ. ಔಷಧ ಅವನ್ನು ಹುಟ್ಟಿಸುವುದಿಲ್ಲ, ಆರಿಸುತ್ತದೆ. ಪೂರ್ತಿ ಡೋಸ್ ಬಿದ್ದರೆ ಸ್ವಲ್ಪ ಗಟ್ಟಿಯಾದವೂ ಹೆಚ್ಚಾಗಿ ಸಾಯುತ್ತವೆ. ಅರ್ಧ ಡೋಸ್‌ನಲ್ಲಿ ಮೆತ್ತಗಿನವು ಮಾತ್ರ ಸತ್ತು, ಸ್ವಲ್ಪ ಗಟ್ಟಿಯಾದವಕ್ಕೆ ಜಾಗ, ಆಹಾರ ಎರಡೂ ಸಿಗುತ್ತವೆ. ಅವುಗಳ ಮರಿಗಳಲ್ಲಿ ಇನ್ನೊಂದಿಷ್ಟು ಗಟ್ಟಿಯಾದದ್ದು ಹುಟ್ಟುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. 2016ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ಒಂದು ದೈತ್ಯ ತಟ್ಟೆ ಮಾಡಿ ಅದರಲ್ಲಿ ಇ. ಕೊಲೈ ಬೆಳೆಸಿದರು. ಅತ್ತೆಗೆ ಕಾಟ ಕೊಡುತ್ತಿರುವ ಜಾತಿಯೇ. ಅಂಚಿನಲ್ಲಿ ಔಷಧ ಇಲ್ಲ. ಒಳಗೆ ಹೋದಂತೆ ಪಟ್ಟಿ ಪಟ್ಟಿಯಾಗಿ ಜಾಸ್ತಿ, ನಡುವಿನ ಪಟ್ಟಿಯಲ್ಲಿ ಸಾವಿರ ಪಟ್ಟಿನ ಲೆಕ್ಕದಲ್ಲಿ. ಬ್ಯಾಕ್ಟೀರಿಯಾ ಬೆಳ್ಳಗೆ ಹರಡುತ್ತಾ ಬಂದು ಮೊದಲ ಪಟ್ಟಿಯ ಅಂಚಿನಲ್ಲಿ ಗೋಡೆಗೆ ಬಡಿದಂತೆ ನಿಲ್ಲುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಮೂಲೆಯಲ್ಲಿ ಒಂದೇ ಒಂದು ಚುಕ್ಕೆ ಗೆರೆ ದಾಟುತ್ತದೆ. ಬೀಸಣಿಗೆ ಬಿಚ್ಚಿದ ಹಾಗೆ ಅದರ ಸಂತತಿ ಆ ಪಟ್ಟಿಯನ್ನೆಲ್ಲ ತುಂಬುತ್ತದೆ. ಮತ್ತೆ ಗೋಡೆ, ಮತ್ತೆ ಚುಕ್ಕೆ. ಎರಡು ವಾರದೊಳಗೆ ನಡುವಿನ ಪಟ್ಟಿಯಲ್ಲೂ ಬಿಳಿ. ಆ ವಿಡಿಯೊ ನೋಡಿದಾಗಲೆಲ್ಲ ನನಗೆ ಸ್ವಲ್ಪ ನಡುಕ ಬರುತ್ತದೆ. ಆದರೆ ನಿಮಗೆ ಹೇಳಬೇಕಾದ ಮಾತು ಬೇರೆ. ಬ್ಯಾಕ್ಟೀರಿಯಾ ಮೇಲಕ್ಕೇರಿದ್ದು ನಡುವಿನ ಸಣ್ಣ ಸಣ್ಣ ಮೆಟ್ಟಿಲುಗಳಿಂದ. ಒಂದೇ ಸಲಕ್ಕೆ ದೊಡ್ಡ ಜಿಗಿತ ಎದುರಾದರೆ ಅವು ಅಲ್ಲೇ ತಡೆದು ನಿಲ್ಲುತ್ತಿದ್ದವು. ಕಡಿಮೆ ಡೋಸ್ ಅಂದರೆ ನಾವೇ ಇಟ್ಟುಕೊಟ್ಟ ಮೆಟ್ಟಿಲು.

ತಟ್ಟೆಯ ಕತೆ ಮನುಷ್ಯರಿಗೂ ಹೊಂದುತ್ತದಾ? ಮಕ್ಕಳ ಮೇಲೆ ನಡೆದ ಎರಡು ಅಧ್ಯಯನಗಳು ನಿಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದಂತಿವೆ. 1998ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಫ್ರಾನ್ಸ್‌ನ ಮೂರರಿಂದ ಆರು ವರ್ಷದ 941 ಮಕ್ಕಳ ಮೂಗಿನೊಳಗಿನ ನ್ಯೂಮೊಕಾಕಸ್ ಬ್ಯಾಕ್ಟೀರಿಯಾವನ್ನು ನೋಡಿದರು. ಪೆನಿಸಿಲಿನ್ ಜಾತಿಯ ಔಷಧವನ್ನು ಕಡಿಮೆ ಡೋಸ್‌ನಲ್ಲಿ ತೆಗೆದುಕೊಂಡ ಮಕ್ಕಳಲ್ಲಿ ಪೆನಿಸಿಲಿನ್‌ಗೆ ಜಗ್ಗದ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡಿತು. ಐದು ದಿನಕ್ಕಿಂತ ಜಾಸ್ತಿ ತೆಗೆದುಕೊಂಡವರಲ್ಲೂ ಹಾಗೆಯೇ. ಎರಡನೆಯದು ಡೊಮಿನಿಕನ್ ಗಣರಾಜ್ಯದಲ್ಲಿ ನಡೆದದ್ದು, 2001ರಲ್ಲಿ ಪ್ರಕಟವಾಯಿತು. ಸುಮಾರು 800 ಪುಟ್ಟ ಮಕ್ಕಳು. ಒಂದು ಗುಂಪಿಗೆ ಅಮಾಕ್ಸಿಸಿಲಿನ್ (ಇದೂ ಪೆನಿಸಿಲಿನ್ ಜಾತಿಯದೇ) ದಿನಕ್ಕೆ ಕಿಲೋ ತೂಕಕ್ಕೆ 90 ಎಂಜಿ, ಐದೇ ದಿನ. ಇನ್ನೊಂದಕ್ಕೆ 40 ಎಂಜಿ, ಹತ್ತು ದಿನ. ಒಟ್ಟು ಕೂಡಿ ನೋಡಿ: ಕಿಲೋಗೆ 450 ಎಂಜಿ, 400 ಎಂಜಿ. ಹೆಚ್ಚುಕಡಿಮೆ ಒಂದೇ ಔಷಧ, ಹಂಚಿದ ರೀತಿ ಬೇರೆ. 28ನೇ ದಿನ ಪೆನಿಸಿಲಿನ್‌ಗೆ ಸರಿಯಾಗಿ ಬಗ್ಗದ ನ್ಯೂಮೊಕಾಕಸ್ ಮೊದಲ ಗುಂಪಿನಲ್ಲಿ ಶೇ. 24 ಮಕ್ಕಳಲ್ಲಿತ್ತು, ಎರಡನೆಯದರಲ್ಲಿ ಶೇ. 32ರಲ್ಲಿ.

ನಿಮ್ಮ ಮನೆಯ ಲೆಕ್ಕ ಈ ಎರಡನೇ ಗುಂಪಿನದು. ಏಳು ದಿನದ ಔಷಧ ಹನ್ನೆರಡು ದಿನ ನಡೆಯಿತು, ಹತ್ತು ದಿನ ಅರ್ಧ ಡೋಸ್‌ನಲ್ಲಿ. ಡೋಸ್ ಇಳಿಯಿತು, ದಿನ ಏರಿತು. ಎರಡೂ ಬೇಡದ ದಿಕ್ಕಿಗೆ.

ಹಾಗಂತ ‘ಎಲ್ಲ ನನ್ನಿಂದಲೇ’ ಅಂತ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಮೊದಲ ಸಲ ಕಲ್ಚರ್ ಮಾಡಿಸಿದ್ದನ್ನು ನೀವು ಹೇಳಿಲ್ಲ. ಹಾಗಾಗಿ ಆಗಲೇ ಈ ಬ್ಯಾಕ್ಟೀರಿಯಾ ಜಗ್ಗದ ಜಾತಿಯದಾಗಿತ್ತೋ ಇಲ್ಲವೋ ಯಾರೂ ಹೇಳಲಾರರು. ಇನ್ನೊಂದು ಸುಳಿವು ರಿಪೋರ್ಟ್‌ನಲ್ಲೇ ಇದೆ. ಸೆಫಿಕ್ಸಿಮ್ ಒಂದಕ್ಕೇ ಅಲ್ಲ, ಇನ್ನೂ ಮೂರ್ನಾಲ್ಕು ಔಷಧಕ್ಕೆ ‘ಆರ್’ ಬಂದಿದೆ. ಆ ಔಷಧಗಳನ್ನು ಅತ್ತೆ ಈಚೆಗೆ ತೆಗೆದುಕೊಂಡೇ ಇಲ್ಲ ಅಂತಾದರೆ, ಇಷ್ಟೊಂದು ತಡೆಶಕ್ತಿ ಒಂದೇ ಕೋರ್ಸ್‌ನಲ್ಲಿ ಹೊಸದಾಗಿ ಹುಟ್ಟುವುದು ಕಷ್ಟ. ಇ. ಕೊಲೈ ಇಂಥ ಜೀನ್‌ಗಳ ಗಂಟನ್ನು ಬೇರೆ ಬ್ಯಾಕ್ಟೀರಿಯಾದಿಂದ ಇಡಿಯಾಗಿ ಪಡೆದುಕೊಳ್ಳುತ್ತದೆ. ಇಂಥದ್ದು ಕರುಳಿನಲ್ಲಿ ಮೊದಲೇ ಒಂದು ಮೂಲೆಯಲ್ಲಿ ಇದ್ದಿರಬೇಕು. ನುಂಗಿದ ಸೆಫಿಕ್ಸಿಮ್‌ನಲ್ಲಿ ಹೆಚ್ಚೆಂದರೆ ಅರ್ಧ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಕರುಳಲ್ಲೇ. ಅಲ್ಲಿನ ಸಾಧು ಬ್ಯಾಕ್ಟೀರಿಯಾಗಳು ಹನ್ನೆರಡು ದಿನ ಸಾಯುತ್ತಾ ಹೋದವು, ಈ ಗಟ್ಟಿಗನಿಗೆ ಮೈದಾನ ಖಾಲಿಯಾಯಿತು. ಹೆಂಗಸರ ಮೂತ್ರದ ಸೋಂಕಿಗೆ ಇ. ಕೊಲೈ ಬರುವುದು ಸಾಮಾನ್ಯವಾಗಿ ಅವರದೇ ಕರುಳಿನಿಂದ. ಆದ್ದರಿಂದ ನನ್ನ ಅಂದಾಜು ಇಷ್ಟು: ಇದನ್ನು ನೀವು ಹುಟ್ಟಿಸಲಿಲ್ಲ, ಆದರೆ ಬೆಳೆಯಲು ಸಹಾಯವಾಗಿರಬಹುದು. ಪೂರ್ತಿ ಡೋಸ್ ಕೊಟ್ಟಿದ್ದರೂ ಈ ಸೋಂಕು ಮರಳಿ ಬರುವ ಸಾಧ್ಯತೆ ಇತ್ತು.

ಹೊಟ್ಟೆ ಕೆಟ್ಟಿದ್ದಕ್ಕೂ ಕಾರಣ ಇದೇ ಇರಬಹುದು, ಕರುಳಿನ ಬ್ಯಾಕ್ಟೀರಿಯಾ ಏರುಪೇರಾಗಿದ್ದು. ಅರ್ಧ ಮಾತ್ರೆಯಿಂದ ಅದು ನಿಲ್ಲುವುದಿಲ್ಲ. ಕೆಲವೊಮ್ಮೆ ದಿನ ಹೆಚ್ಚಾಗಿ ಇನ್ನಷ್ಟು ಎಳೆದಾಡುತ್ತದೆ. ಇಂಥ ಹೊತ್ತಿನಲ್ಲಿ ವೈದ್ಯರಿಗೆ ಒಂದು ಫೋನ್ ಸಾಕು. ನಾವು ಔಷಧ ಬದಲಿಸುತ್ತೇವೆ, ಅಥವಾ ‘ಇಷ್ಟಕ್ಕೇ ಸಾಕು, ನಿಲ್ಲಿಸಿ’ ಅನ್ನುತ್ತೇವೆ. ಅರ್ಧ ಮಾಡಿ ಅಂತ ಹೇಳುವುದು ತೀರಾ ಅಪರೂಪ. ನೀರಿನಂಥ ಭೇದಿ ಪದೇ ಪದೇ ಆಗುತ್ತಿದ್ದರೆ ಅಥವಾ ರಕ್ತ ಕಂಡರೆ ಫೋನ್ ಅಲ್ಲ, ಹೋಗಿ ತೋರಿಸಬೇಕು.

‘ಇಷ್ಟಕ್ಕೇ ಸಾಕು’ ಅಂದೆ. ಕೋರ್ಸ್ ಮುಗಿಸಲೇಬೇಕು ಅನ್ನುವ ಮಾತು ಹಾಗಾದರೆ ಸುಳ್ಳಾ? ಅರ್ಧ ನಿಜ. ಈ ಎಚ್ಚರಿಕೆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್‌ವರೆಗೆ ಹೋಗುತ್ತದೆ. 1945ರ ನೊಬೆಲ್ ಭಾಷಣದಲ್ಲಿ ಅವರು ಒಂದು ಕಲ್ಪನೆಯ ಕತೆ ಹೇಳಿದರು. ಗಂಟಲು ನೋವಿಗೆ ಒಬ್ಬ ತಾನೇ ಪೆನಿಸಿಲಿನ್ ಕೊಂಡು ಕಡಿಮೆ ತೆಗೆದುಕೊಳ್ಳುತ್ತಾನೆ, ಔಷಧಕ್ಕೆ ಬಗ್ಗದ ರೋಗಾಣು ಹೆಂಡತಿಗೆ ದಾಟುತ್ತದೆ, ಅವಳು ಸಾಯುತ್ತಾಳೆ. ಗಮನಿಸಿ, ಅವರ ದೂರು ಡೋಸ್ ಸಾಲದು ಅನ್ನುವುದು. ಕಾಲ ಹೋದಂತೆ ಜನರ ಬಾಯಲ್ಲಿ ಅದು ‘ಎಷ್ಟು ದಿನ ಬರೆದಿದ್ದಾರೋ ಅಷ್ಟೂ ದಿನ’ ಅಂತ ಆಗಿಬಿಟ್ಟಿತು. ಒಂದು ತಮಾಷೆ: ಅವರು ಹೆಸರಿಸಿದ ಗಂಟಲಿನ ಸ್ಟ್ರೆಪ್ಟೊಕಾಕಸ್ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ. ಬೇರೆಯವು ಬಗ್ಗಲಿಲ್ಲ.

ದಿನಗಳ ವಿಷಯದಲ್ಲಿ ನಾವು ವೈದ್ಯರೇ ಬದಲಾಗಿದ್ದೇವೆ. ನಾನು ಓದುವಾಗ ನ್ಯುಮೋನಿಯಾಕ್ಕೆ ಹತ್ತು ದಿನ ಅಂತ ಕಣ್ಣು ಮುಚ್ಚಿ ಬರೆಯುತ್ತಿದ್ದೆವು. ಈಗ ರೋಗಿ ಚೇತರಿಸಿಕೊಳ್ಳುತ್ತಿದ್ದರೆ ಐದು ದಿನ ಸಾಕು ಅನ್ನುತ್ತೇವೆ. ರಕ್ತಕ್ಕೆ ಸೇರಿದ ಸೋಂಕಿಗೂ ಎಷ್ಟೋ ರೋಗಿಗಳಲ್ಲಿ 14 ದಿನದ ಬದಲು 7 ದಿನ ಸಾಕಾಗುತ್ತದೆ ಅಂತ 2024ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಬೇಡದ ದಿನಗಳಲ್ಲಿ ಔಷಧ ಕೊಲ್ಲುವುದು ರೋಗಾಣುವನ್ನಲ್ಲ, ಕರುಳಿನ, ಚರ್ಮದ ಬಡಪಾಯಿ ಬ್ಯಾಕ್ಟೀರಿಯಾಗಳನ್ನು. ಆದರೆ ಯಾವ ಸೋಂಕಿಗೆ ಎಷ್ಟು ದಿನ ಅನ್ನುವುದು ಒಂದೊಂದಕ್ಕೂ ಬೇರೆ. ಸಾಮಾನ್ಯ ಉರಿಮೂತ್ರಕ್ಕೆ ಒಂದೇ ಡೋಸ್‌ನ ಔಷಧವೂ ಇದೆ. ಸಂಧಿವಾತ ಜ್ವರ (ಹೃದಯಕ್ಕೂ ಪೆಟ್ಟು ಕೊಡಬಲ್ಲ ಕಾಯಿಲೆ) ಬರದಂತೆ ತಡೆಯಲು ಸ್ಟ್ರೆಪ್ಟೊಕಾಕಸ್‌ನಿಂದ ಬಂದ ಗಂಟಲು ನೋವಿಗೆ ಪೆನಿಸಿಲಿನ್ ಮಾತ್ರೆ ಹತ್ತು ದಿನ ಬೇಕು. ಇದನ್ನು ಹುಷಾರಾಯಿತು ಅನ್ನಿಸಿದ್ದನ್ನು ನೋಡಿ ಮನೆಯಲ್ಲಿ ತೀರ್ಮಾನಿಸಲು ಬರುವುದಿಲ್ಲ. ಆದರೆ ‘ಡಾಕ್ಟ್ರೇ, ಚೆನ್ನಾಗಿದ್ದಾರೆ, ನಿಲ್ಲಿಸಬಹುದಾ?’ ಅಂತ ಧಾರಾಳವಾಗಿ ಕೇಳಬಹುದು. ಕೇಳಿದರೆ ಬೇಜಾರೇನಿಲ್ಲ.

ಕ್ಷಯದ ಮುಂದೆ ಮಾತ್ರ ಈ ಸಡಿಲ ಮಾತು ನಡೆಯುವುದಿಲ್ಲ. ಅಲ್ಲಿ ಡೋಸ್ ಕಡಿಮೆ ಮಾಡುವಂತಿಲ್ಲ, ತಾವಾಗಿ ದಿನ ಕಡಿಮೆ ಮಾಡುವಂತಿಲ್ಲ, ನಾಲ್ಕು ಔಷಧದಲ್ಲಿ ಒಂದನ್ನು ಬಿಡುವಂತೆಯೂ ಇಲ್ಲ. ಲೆಕ್ಕ ಹೇಳುತ್ತೇನೆ. ಶ್ವಾಸಕೋಶದಲ್ಲಿ ಕುಳಿ ಬಿದ್ದಿದ್ದರೆ ಅದರೊಳಗೆ ಹತ್ತು ಕೋಟಿ ಬ್ಯಾಕ್ಟೀರಿಯಾ ಇರಬಹುದು. ಆ ನಾಲ್ಕು ಔಷಧಗಳಲ್ಲಿ ಐಸೋನಿಯಜಿಡ್‌ಗೆ ಬಗ್ಗದ್ದು ಸುಮಾರು ಹತ್ತು ಲಕ್ಷಕ್ಕೆ ಒಂದು, ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೆ ಒಂದು. ಅಂದರೆ ಯಾವ ಒಂದು ಔಷಧ ಕೊಟ್ಟರೂ ತಪ್ಪಿಸಿಕೊಳ್ಳುವವು ಅಲ್ಲಿ ಇರಬಹುದು. ಎರಡಕ್ಕೂ ಬಗ್ಗದ್ದು ಬೇಕಾದರೆ ಕೋಟಿ ಕೋಟಿಗೆ ಒಂದು. ಅಷ್ಟು ಬ್ಯಾಕ್ಟೀರಿಯಾ ಮೈಯಲ್ಲಿ ಇರುವುದಿಲ್ಲ. ಒಂದರ ಡೋಸ್ ಸಾಲದೇ ಹೋದರೆ ಹೆಸರಿಗೆ ಎರಡು ಔಷಧ, ಕೆಲಸ ಮಾಡುವುದು ಒಂದೇ. ರೋಗಿಯ ತೂಕ ನೋಡಿ ಮಾತ್ರೆ ಲೆಕ್ಕ ಹಾಕುವುದು, ತೂಕ ಏರಿದಾಗ ಮತ್ತೆ ನೋಡುವುದು ಇದಕ್ಕೇ.

ನೀವು ಕೇಳದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ಎಲ್ಲ ಸರಿಯಾಗಿ ಕೊಟ್ಟೆವು ಅಂದುಕೊಂಡಾಗಲೂ ಡೋಸ್ ಕಡಿಮೆಯಾಗುವುದುಂಟು. ಒಬ್ಬ ಹಿರಿಯರಿಗೆ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟು ನಾಲ್ಕು ದಿನವಾದರೂ ಜ್ವರ ಬಿಟ್ಟಿರಲಿಲ್ಲ. ಇಡೀ ದಿನ ಏನೇನು ನುಂಗುತ್ತೀರಿ ಅಂತ ಒಂದೊಂದಾಗಿ ಕೇಳಿದೆ. ಆ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ, ಅದರ ಹಿಂದೆಯೇ ಎದೆಯುರಿಗೆ ಆಂಟಾಸಿಡ್. ಕ್ಯಾಲ್ಸಿಯಂ, ಕಬ್ಬಿಣ, ಆಂಟಾಸಿಡ್ ಈ ಔಷಧವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ರಕ್ತಕ್ಕೆ ಸೇರುವುದು ಚೂರುಪಾರು. ಹೊತ್ತು ಬೇರೆ ಮಾಡಿದೆವು, ಅಷ್ಟೇ. ಡಾಕ್ಸಿಸೈಕ್ಲಿನ್‌ಗೂ ಇದೇ ತೊಂದರೆ. ಇದಕ್ಕೆ ತಿರುಗುಮುರುಗಾಗಿ, ಕಿಡ್ನಿ ದುರ್ಬಲವಾಗಿದ್ದವರಿಗೆ ನಾವೇ ಡೋಸ್ ಇಳಿಸಿ ಬರೆಯುತ್ತೇವೆ. ಅದು ಕಡಿಮೆ ಡೋಸ್ ಅಲ್ಲ. ಔಷಧ ಹೊರಗೆ ಹೋಗುವುದು ನಿಧಾನವಾದ್ದರಿಂದ ಮಟ್ಟ ಗೆರೆಯ ಮೇಲೇ ಇರುತ್ತದೆ.

ಅತ್ತೆಗೆ ಈಗ ಏನು ಮಾಡಬೇಕು? ರಿಪೋರ್ಟ್‌ನಲ್ಲಿ ‘ಎಸ್’ (ಈ ಔಷಧಕ್ಕೆ ಬಗ್ಗುತ್ತದೆ ಅಂತ ಅರ್ಥ) ಇರುವ ಸಾಲುಗಳನ್ನು ನೋಡಿ. ನೈಟ್ರೊಫ್ಯುರಾಂಟೊಯಿನ್ ಅಥವಾ ಫಾಸ್ಫೊಮೈಸಿನ್ ಮುಂದೆ ‘ಎಸ್’ ಇದ್ದರೆ, ಬರೀ ಉರಿ ಮಾತ್ರ ಇದ್ದರೆ, ಇವುಗಳಲ್ಲಿ ಒಂದರಿಂದ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ನೈಟ್ರೊಫ್ಯುರಾಂಟೊಯಿನ್ ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಆದರೆ ಕಿಡ್ನಿ ತೀರಾ ದುರ್ಬಲವಾಗಿದ್ದರೆ ಅದು ಮೂತ್ರಕ್ಕೆ ಸಾಕಷ್ಟು ಸೇರುವುದಿಲ್ಲ, ಅದಕ್ಕೇ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ನೋಡಿಸಿ. ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ ಇವೆರಡೂ ಸಾಲವು. ಸೋಂಕು ಕಿಡ್ನಿಗೆ ಏರಿದೆ ಅಂತ ಅರ್ಥ, ಅದೇ ದಿನ ಆಸ್ಪತ್ರೆಗೆ ಹೋಗಿ. ‘ಐ’ ಅಂತ ಬರೆದ ಸಾಲನ್ನು ಕಂಡು ಗಾಬರಿ ಬೇಡ. 2019ರಿಂದ ಯುರೋಪಿನ ನಿಯಮದಲ್ಲಿ ಆ ಅಕ್ಷರಕ್ಕೆ ‘ಡೋಸ್ ಹೆಚ್ಚಿಸಿದರೆ ಕೆಲಸ ಮಾಡುತ್ತದೆ’ ಅಂತಲೇ ಅರ್ಥ. ಇನ್ನು ಔಷಧಗಳ ಮುಂದಿನ ಎಂಐಸಿ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬೇಡಿ. 0.5 ಇರುವುದು 16 ಇರುವುದಕ್ಕಿಂತ ಪವರ್‌ಫುಲ್ ಅಂತೇನಿಲ್ಲ. ಪ್ರತಿ ಔಷಧದ ಗೆರೆ ಬೇರೆ.

ಉರಿ ತಾನಾಗಿ ಹೋಗಿದ್ದರೆ ಇನ್ನೊಂದು ದಾರಿ ಇದೆ, ಏನೂ ಕೊಡದಿರುವುದು. ಈ ವಯಸ್ಸಿನಲ್ಲಿ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸುಮ್ನೆ ಇರುವುದೂ ಉಂಟು. ತೊಂದರೆ ಇಲ್ಲದೆ ರಿಪೋರ್ಟ್‌ಗೆ ಚಿಕಿತ್ಸೆ ಕೊಟ್ಟರೆ ಮುಂದಿನ ರಿಪೋರ್ಟ್‌ನಲ್ಲಿ ‘ಆರ್’ಗಳು ಹೆಚ್ಚಬಹುದು. ಪದೇ ಪದೇ ಮರಳುತ್ತಿದ್ದರೆ, ಮುಟ್ಟು ನಿಂತ ಹೆಂಗಸರಿಗೆ ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತೆಯವರಿಗೆ ಈ ಮಾತು ಎತ್ತಲು ಸಂಕೋಚ ಅನ್ನಿಸಬಹುದು, ಡಾಕ್ಟರ ಹತ್ತಿರ ನೀವೇ ಎತ್ತಿ. ಸೋಂಕು ಮರಳದಂತೆ ರಾತ್ರಿಗೊಂದು ಸಣ್ಣ ಡೋಸ್ ಆಂಟಿಬಯಾಟಿಕ್ ತಿಂಗಳುಗಟ್ಟಲೆ ಕೊಡುವುದೂ ಇದೆ. ‘ಮತ್ತೆ ನೀವೇ ಕಡಿಮೆ ಡೋಸ್ ಕೊಡುತ್ತೀರಲ್ಲ’ ಅಂತ ರೋಗಿಯ ಮಗಳೊಬ್ಬಳು ನನ್ನನ್ನೇ ಕೇಳಿದ್ದಳು. ಸರಿಯಾದ ಪ್ರಶ್ನೆ. ಅದು ಇರುವ ಸೋಂಕನ್ನು ಕೊಲ್ಲಲು ಅಲ್ಲ, ಬರದಂತೆ ತಡೆಯಲು. ಹಾಗಿದ್ದರೂ ರೆಸಿಸ್ಟೆನ್ಸ್, ಅಂದರೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇದ್ದೇ ಇದೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮಗನ ವಿಷಯ. ಶೀತ ವೈರಸ್‌ನಿಂದ ಬರುತ್ತದೆ. ಅರ್ಧ ಚಮಚವೂ ಬೇಡ, ಪೂರ್ತಿ ಚಮಚವೂ ಬೇಡ. ಆ ಸಿರಪ್ ಅವನ ಶೀತಕ್ಕೆ ಏನೂ ಮಾಡಲಿಲ್ಲ, ಅದು ಹೋಗುವ ಹೊತ್ತಿಗೆ ಹೋಯಿತು. ಮೂಗಿನ ಬ್ಯಾಕ್ಟೀರಿಯಾದ ಮೇಲೆ ಆದ ಪರಿಣಾಮ ಆಂಟಿಬಯಾಟಿಕ್ ನಿಲ್ಲಿಸಿದರೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಕಡಿಮೆಯಾಗುತ್ತಾ ಬರುತ್ತದೆ. ಅದಕ್ಕಾಗಿ ಈಗ ಯಾವ ಟೆಸ್ಟೂ ಬೇಡ. ಮುಂದೆ ನಿಜವಾಗಿ ಆಂಟಿಬಯಾಟಿಕ್ ಬೇಕಾದಾಗ ಡೋಸ್ ಅವನ ಈಗಿನ ತೂಕಕ್ಕೆ ಲೆಕ್ಕ ಹಾಕಬೇಕು, ಕಳೆದ ವರ್ಷದ ಚೀಟಿಯಲ್ಲಿರುವುದಕ್ಕಲ್ಲ. ಬಾಟಲಿ ಚೆನ್ನಾಗಿ ಅಲುಗಾಡಿಸಿ, ಇಲ್ಲದಿದ್ದರೆ ಮೇಲೆ ಬರೀ ಸಿಹಿನೀರು, ಔಷಧವೆಲ್ಲ ತಳದಲ್ಲಿ. ಅಳತೆಗೆ ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಮುಚ್ಚಳ ಅಥವಾ ಸಿರಿಂಜ್‌ನಲ್ಲಿ ಎಂಎಲ್ ಗೆರೆ ನೋಡಿ. ಪುಡಿಗೆ ನೀರು ಬೆರೆಸಿ ಮಾಡಿದ ಸಿರಪ್ ಒಂದೆರಡು ವಾರಕ್ಕಿಂತ ಉಳಿಯುವುದಿಲ್ಲ, ಎಷ್ಟು ದಿನ ಅಂತ ಲೇಬಲ್ ಮೇಲೇ ಇರುತ್ತದೆ. ಮನೆಯಲ್ಲಿರುವ ಆ ಹಳೇ ಬಾಟಲಿಯಲ್ಲಿ ಈಗ ಔಷಧ ಎಷ್ಟು ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ಮೋರಿಗೆ ಸುರಿಯಬೇಡಿ, ಔಷಧ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ ನೋಡಿ.